ಲ್ಯಾಪ್‌ಟಾಪ್‌ನ ರಿಕವರಿ ವಿಭಾಗ: ಪ್ರತಿ ತೆಗೆದಿಡುವುದು ಮತ್ತು ಮರುಸ್ಥಾಪಿಸುವುದು

ಅಭ್ಯಾಸ ಲೇಖನ: ಗ್ರಾಮ ಪಂಚಾಯತ್ ಸದಸ್ಯರ ಅವಗಾಹನೆಗಾಗಿ

ಗ್ರಾಮ ಪಂಚಾಯತ್ ಕಚೇರಿಯ ಲ್ಯಾಪ್‌ಟಾಪ್ ನಿಧಾನವಾದಾಗ ಅಥವಾ ತೆರೆದುಕೊಳ್ಳದೆ ನಿಂತಾಗ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: "ಫಾರ್ಮ್ಯಾಟ್ ಮಾಡಿಸಿದರೆ ಸರಿಹೋಗುತ್ತದೆ." ಯಂತ್ರವನ್ನು ತಾಲ್ಲೂಕು ಕೇಂದ್ರದ ದುರಸ್ತಿ ಅಂಗಡಿಗೆ ಕಳುಹಿಸಲಾಗುತ್ತದೆ. ಎರಡು ದಿನಗಳಲ್ಲಿ ಅದು ಹೊಸದರಂತೆ ಓಡುತ್ತ ಹಿಂದಿರುಗುತ್ತದೆ. ಬಿಲ್ಲು ಸಭೆಯ ಮುಂದೆ ಬಂದು ಮಂಜೂರಾಗುತ್ತದೆ. ಆ ಎರಡು ದಿನಗಳಲ್ಲಿ ಪಂಚಾಯತ್ ಏನನ್ನು ಕಳೆದುಕೊಂಡಿತು ಎಂಬುದು ಮಾತ್ರ ಬಿಲ್ಲಿನಲ್ಲಿ ಇರುವುದಿಲ್ಲ. ಹಣ ತೆತ್ತು ಪಡೆದ ಅಸಲಿ ವಿಂಡೋಸ್, ಅದನ್ನು ಮತ್ತೆ ಸ್ಥಾಪಿಸಿಕೊಳ್ಳಲೆಂದು ತಯಾರಕರು ಯಂತ್ರದೊಳಗೇ ಮಾಡಿಕೊಟ್ಟಿದ್ದ ಏರ್ಪಾಡು, ಹಲವು ವೇಳೆ ಕಡತಗಳ ಸ್ಕ್ಯಾನ್ ಪ್ರತಿಗಳು, ಈ ಮೂರೂ ಒಟ್ಟಿಗೆ ಅಳಿಸಿಹೋಗಿರುವ ಸಾಧ್ಯತೆ ಇರುತ್ತದೆ.

ಸದಸ್ಯರು ಪ್ರತಿ ತೆಗೆಯುವ ಕೆಲಸವನ್ನು ಸ್ವತಃ ಮಾಡಬೇಕೆಂಬ ನಿರೀಕ್ಷೆ ಇಲ್ಲಿಲ್ಲ. ಅದು ಡಾಟಾ ಎಂಟ್ರಿ ಆಪರೇಟರ್ ಅಥವಾ ಕಾರ್ಯದರ್ಶಿಯವರ ಕೆಲಸ. ಆದರೆ ಲ್ಯಾಪ್‌ಟಾಪ್ ಪಂಚಾಯತಿಯ ಆಸ್ತಿ. ಅದರ ಖರೀದಿಗೂ ದುರಸ್ತಿಗೂ ವಿಲೇವಾರಿಗೂ ಒಪ್ಪಿಗೆ ನೀಡುವವರು ಸದಸ್ಯರು. ಒಪ್ಪಿಗೆ ನೀಡುವ ಮೊದಲು ಕೇಳಬೇಕಾದ ಪ್ರಶ್ನೆ ಯಾವುದೆಂದು ತಿಳಿದಿರಬೇಕಾದರೆ ಯಂತ್ರದ ಈ ಒಂದು ಭಾಗದ ಪರಿಚಯ ಅಗತ್ಯ.

ಡಿಸ್ಕಿನೊಳಗಿನ ಬೇರೆ ಕೋಣೆ

ಲ್ಯಾಪ್‌ಟಾಪ್‌ನಲ್ಲಿ ಮಾಹಿತಿ ಉಳಿಯುವ ಸ್ಥಳ ಡಿಸ್ಕ್. ಹೊರಗಿನಿಂದ ಅದು ಒಂದೇ ವಸ್ತು. ಒಳಗೆ ಅದನ್ನು ಗೋಡೆ ಹಾಕಿದ ಮನೆಯಂತೆ ವಿಭಾಗಿಸಲಾಗಿರುತ್ತದೆ. ಪರದೆಯ ಮೇಲೆ ಸಿ ಡ್ರೈವ್ ಎಂದು ಕಾಣುವುದು ಅದರ ದೊಡ್ಡ ಕೋಣೆ. ವಿಂಡೋಸ್, ನುಡಿ ಮೊದಲಾದ ತಂತ್ರಾಂಶಗಳು, ಸಭಾ ನಡಾವಳಿಗಳು, ಕಾಮಗಾರಿಯ ಛಾಯಾಚಿತ್ರಗಳು ಎಲ್ಲವೂ ಇರುವುದು ಅಲ್ಲಿಯೇ. ಇದರ ಪಕ್ಕದಲ್ಲಿ ಹೆಸರಿನ ಅಕ್ಷರವನ್ನೇ ಪಡೆಯದ ಕೆಲವು ಸಣ್ಣ ಕೋಣೆಗಳಿರುತ್ತವೆ. ಯಂತ್ರ ಎಚ್ಚರಗೊಳ್ಳುವಾಗ ಮೊದಲು ಓದುವ ಇಎಫ್‌ಐ ವಿಭಾಗ ಒಂದು. ರಿಕವರಿ ಪಾರ್ಟಿಷನ್ ಎಂದು ಕರೆಯಲಾಗುವ ವಿಭಾಗ ಇನ್ನೊಂದು. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಪರದೆಯನ್ನು ತೆರೆದರೆ ಇವೆಲ್ಲವೂ ಸಾಲಾಗಿ ಕಾಣುತ್ತವೆ. ಅವುಗಳ ಗಾತ್ರವೂ ಅಲ್ಲಿ ನಮೂದಾಗಿರುತ್ತದೆ.

ರಿಕವರಿ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ ಎಂಬುದನ್ನು ಗಮನಿಸಬೇಕು. ಕೆಲವು ನೂರು ಎಂಬಿಯಿಂದ ಒಂದು ಜಿಬಿಯಷ್ಟಿರುವ ಸಣ್ಣ ವಿಭಾಗದಲ್ಲಿ ಇರುವುದು ದುರಸ್ತಿಯ ಸಲಕರಣೆ ಮಾತ್ರ. ವಿಂಡೋಸ್ ಎದ್ದು ನಿಲ್ಲದಿದ್ದಾಗ ಕಾಣಿಸುವ ನೀಲಿ ಪರದೆ ಅಲ್ಲಿಂದ ಬರುತ್ತದೆ. ಹತ್ತು ಜಿಬಿಗಿಂತ ದೊಡ್ಡದಾಗಿರುವ ವಿಭಾಗದಲ್ಲಿ, ತಯಾರಕರು ಕಾರ್ಖಾನೆಯಿಂದ ಕಳುಹಿಸಿದ ದಿನ ಯಂತ್ರ ಹೇಗಿತ್ತೋ ಆ ಸ್ಥಿತಿಯ ಪೂರ್ಣ ಪ್ರತಿ ಇರುತ್ತದೆ: ವಿಂಡೋಸ್, ಆ ಮಾದರಿಗೆ ಬೇಕಾದ ಡ್ರೈವರ್‌ಗಳು, ತಯಾರಕರ ತಂತ್ರಾಂಶಗಳು ಎಲ್ಲವೂ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಈ ದೊಡ್ಡ ವಿಭಾಗ ಸಾಮಾನ್ಯವಾಗಿತ್ತು. ವಿಂಡೋಸ್ 10 ಬಂದ ಮೇಲೆ, ಸಿ ಡ್ರೈವ್‌ನಲ್ಲಿಯೇ ಇರುವ ವ್ಯವಸ್ಥಾ ಕಡತಗಳಿಂದ ವಿಂಡೋಸ್ ತನ್ನನ್ನು ತಾನು ಮತ್ತೆ ಕಟ್ಟಿಕೊಳ್ಳುವ ಕ್ರಮ ಜಾರಿಯಾಯಿತು. ಆದಕಾರಣ ಹಲವು ಹೊಸ ಯಂತ್ರಗಳಲ್ಲಿ ಸಣ್ಣ ವಿಭಾಗ ಮಾತ್ರ ಕಂಡುಬಂದರೆ ಅದನ್ನು ದೋಷವೆಂದು ಭಾವಿಸಬೇಕಾಗಿಲ್ಲ.

ರೈತನು ಉಣ್ಣುವ ಕಾಳಿನಿಂದ ಬಿತ್ತನೆಯ ಬೀಜವನ್ನು ಬೇರೆ ತೆಗೆದಿಡುವಂತೆ ತಯಾರಕರು ಇದನ್ನು ಬೇರೆ ಇಟ್ಟಿದ್ದಾರೆ. ಆದರೆ ಕಾಳು ಮತ್ತು ಬೀಜ ಎರಡೂ ಒಂದೇ ಕಣಜದಲ್ಲಿವೆ. ಡಿಸ್ಕ್ ಕೆಟ್ಟರೆ ಸಿ ಡ್ರೈವ್ ಜೊತೆಗೆ ರಿಕವರಿ ವಿಭಾಗವೂ ಹೋಗುತ್ತದೆ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ವೇಗದ ಎಸ್‌ಎಸ್‌ಡಿ ಹಾಕಿಸಿದಾಗಲೂ, ಯಾರೂ ಹೇಳದಿದ್ದರೆ, ಅದು ಹಳೆಯ ಡಿಸ್ಕಿನಲ್ಲಿಯೇ ಉಳಿದು ಅಂಗಡಿಯ ಮೂಲೆ ಸೇರುತ್ತದೆ. ಪ್ರತಿಯನ್ನು ಯಂತ್ರದ ಹೊರಗೆ ತೆಗೆದಿಡಬೇಕೆನ್ನುವುದಕ್ಕೆ ಕಾರಣ ಇದು.

ಅದು ಕಾಣೆಯಾಗುವ ಬಗೆ

ಡಿಸ್ಕ್ ಕೆಡುವುದಕ್ಕಿಂತ ಹೆಚ್ಚಾಗಿ ಮನುಷ್ಯರ ಕೈಯಿಂದಲೇ ರಿಕವರಿ ವಿಭಾಗ ನಾಶವಾಗುತ್ತದೆ. ಡಿಸ್ಕಿನಲ್ಲಿ ಜಾಗ ಸಾಲದೆಂದು ದೂರು ಬಂದಾಗ, ಹೆಸರಿಲ್ಲದ ಹದಿನೈದು ಜಿಬಿಯ ವಿಭಾಗ ದುರಸ್ತಿಗಾರನ ಕಣ್ಣಿಗೆ ವ್ಯರ್ಥವಾಗಿ ಬಿದ್ದ ಜಾಗದಂತೆ ಕಾಣುತ್ತದೆ. ಅದನ್ನು ಅಳಿಸಿ ಸಿ ಡ್ರೈವ್‌ಗೆ ಸೇರಿಸಿಬಿಡುತ್ತಾನೆ. ಫಾರ್ಮ್ಯಾಟ್ ಮಾಡುವಾಗ ಎಲ್ಲ ವಿಭಾಗಗಳನ್ನೂ ಒಟ್ಟಿಗೆ ಅಳಿಸುವುದು ಅವನಿಗೆ ಸುಲಭದ ದಾರಿ.

ಸಣ್ಣ ವಿಭಾಗಕ್ಕೂ ಆಪತ್ತು ತಪ್ಪಿದ್ದಲ್ಲ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಈ ದುರಸ್ತಿ ವಿಭಾಗಕ್ಕೆಂದೇ ಒಂದು ಭದ್ರತಾ ಪರಿಷ್ಕರಣೆಯನ್ನು ಬಿಡುಗಡೆ ಮಾಡಿತು. ಅದಕ್ಕೆ 250 ಎಂಬಿ ಖಾಲಿ ಜಾಗ ಬೇಕಿತ್ತು. ಅನೇಕ ಯಂತ್ರಗಳಲ್ಲಿ ಅಷ್ಟು ಜಾಗವೇ ಇರಲಿಲ್ಲ, ಪರಿಷ್ಕರಣೆ ಮತ್ತೆ ಮತ್ತೆ ವಿಫಲವಾಯಿತು. ಸಿ ಡ್ರೈವ್ ಅನ್ನು 250 ಎಂಬಿಯಷ್ಟು ಕುಗ್ಗಿಸಿ, ರಿಕವರಿ ವಿಭಾಗವನ್ನು ಅಳಿಸಿ, ದೊಡ್ಡದಾಗಿ ಮತ್ತೆ ರಚಿಸುವ ಕ್ರಮವನ್ನು ಕಂಪನಿಯೇ ಪ್ರಕಟಿಸಿತು. ಕ್ರಮ ಸರಿಯಾದದ್ದೇ. ಆದರೆ ಎರಡು ರಿಕವರಿ ವಿಭಾಗಗಳಿರುವ ಲ್ಯಾಪ್‌ಟಾಪ್‌ನಲ್ಲಿ ಅಭ್ಯಾಸವಿಲ್ಲದವರು ತಪ್ಪು ವಿಭಾಗವನ್ನು ಅಳಿಸಿದರೆ ಕಾರ್ಖಾನೆಯ ಪ್ರತಿ ಅಲ್ಲಿಗೆ ಮುಗಿಯಿತು. ವಿಭಾಗಗಳನ್ನು ಮುಟ್ಟುವ ಯಾವ ಕೆಲಸಕ್ಕೂ ಮೊದಲು ಹೊರಗೆ ಒಂದು ಪ್ರತಿ ಇರಬೇಕು.

ಪ್ರತಿ ತೆಗೆಯುವ ದಾರಿಗಳು

ಅತ್ಯಂತ ಸರಳವಾದದ್ದು ವಿಂಡೋಸ್‌ನಲ್ಲಿಯೇ ಇರುವ ರಿಕವರಿ ಡ್ರೈವ್ ಎಂಬ ಸಾಧನ. ಹುಡುಕುವ ಪೆಟ್ಟಿಗೆಯಲ್ಲಿ ಆ ಹೆಸರನ್ನು ಬರೆದರೆ ಅದು ತೆರೆದುಕೊಳ್ಳುತ್ತದೆ. ಕನಿಷ್ಠ 16 ಜಿಬಿಯ ಪೆನ್ ಡ್ರೈವ್ ಬೇಕು. 32 ಜಿಬಿಯದನ್ನು ಕೊಳ್ಳುವುದು ಲೇಸು, ಬೆಲೆಯ ವ್ಯತ್ಯಾಸ ಅಲ್ಪ. ಮೊದಲ ಪರದೆಯಲ್ಲಿಯೇ ವ್ಯವಸ್ಥಾ ಕಡತಗಳನ್ನೂ ಪ್ರತಿ ಮಾಡಬೇಕೇ ಎಂಬ ಆಯ್ಕೆ ಇದೆ. ಅದಕ್ಕೆ ಗುರುತು ಇರಲೇಬೇಕು. ಗುರುತು ತೆಗೆದರೆ ಪೆನ್ ಡ್ರೈವ್‌ಗೆ ಸೇರುವುದು ದುರಸ್ತಿಯ ಸಲಕರಣೆ ಮಾತ್ರ, ವಿಂಡೋಸ್ ಸೇರುವುದಿಲ್ಲ. ಪೆನ್ ಡ್ರೈವ್‌ನಲ್ಲಿ ಮೊದಲು ಇದ್ದುದೆಲ್ಲವೂ ಅಳಿಸಿಹೋಗುತ್ತದೆ. ಮತದಾರರ ಪಟ್ಟಿಯೋ ಕ್ರಿಯಾಯೋಜನೆಯೋ ಇದ್ದ ಪೆನ್ ಡ್ರೈವ್ ಅನ್ನು ಕೈಗೆ ಸಿಕ್ಕಿತೆಂದು ಬಳಸಬಾರದು. ಕೆಲಸಕ್ಕೆ ಒಂದೆರಡು ಗಂಟೆ ಹಿಡಿಯಬಹುದು. ನಡುವೆ ವಿದ್ಯುತ್ ಹೋದರೂ ನಿಲ್ಲದಂತೆ ಬ್ಯಾಟರಿ ತುಂಬಿರಬೇಕು, ಚಾರ್ಜರ್ ಸಿಕ್ಕಿಸಿರಬೇಕು.

ವಿಂಡೋಸ್ 8 ಕಾಲದ ಯಂತ್ರಗಳಲ್ಲಿ ಈ ಸಾಧನವು ಕೊನೆಯಲ್ಲಿ ಒಂದು ಪ್ರಶ್ನೆ ಕೇಳುತ್ತದೆ: ಪ್ರತಿ ಸಿದ್ಧವಾಗಿದೆ, ಜಾಗ ಉಳಿಸಲು ಯಂತ್ರದೊಳಗಿನ ರಿಕವರಿ ವಿಭಾಗವನ್ನು ಅಳಿಸಬಹುದೇ? ಬೇಡವೆಂದೇ ಉತ್ತರಿಸಬೇಕು. ಎರಡನೆಯ ಪ್ರತಿ ಬಂದಿತೆಂದು ಮೊದಲನೆಯದನ್ನು ಸುಟ್ಟುಹಾಕುವವರಿಲ್ಲ.

ಎರಡನೆಯ ದಾರಿ ತಯಾರಕರದು. ಡೆಲ್, ಎಚ್‌ಪಿ, ಲೆನೊವೊ ಮೂರೂ ಕಂಪನಿಗಳು ಯಂತ್ರದ ಕ್ರಮಸಂಖ್ಯೆಯ ಆಧಾರದಲ್ಲಿ ಆ ಮಾದರಿಯ ಕಾರ್ಖಾನೆ ಪ್ರತಿಯನ್ನು ಅಂತರ್ಜಾಲದಿಂದ ಇಳಿಸಿ ಪೆನ್ ಡ್ರೈವ್‌ಗೆ ತುಂಬಿಕೊಡುವ ಸಾಧನಗಳನ್ನು ನೀಡುತ್ತವೆ. ಡೆಲ್ ಯಂತ್ರಗಳಲ್ಲಿ ಅದಕ್ಕೆ ಸರ್ವಿಸ್ ಟ್ಯಾಗ್ ಎಂಬ ಏಳು ಅಕ್ಷರಗಳ ಗುರುತು ಸಾಕು. ವಿಭಾಗ ಈಗಾಗಲೇ ಅಳಿಸಿಹೋಗಿರುವ ಪಂಚಾಯತಿಗಳಿಗೆ ಇದೇ ಆಸರೆ. ಎಲ್ಲ ಹಳೆಯ ಮಾದರಿಗಳಿಗೂ ಈ ಸೌಲಭ್ಯ ದೊರೆಯುವುದಿಲ್ಲ. ಇಳಿಸಬೇಕಾದ ಕಡತ ಹಲವು ಜಿಬಿಯಷ್ಟು ದೊಡ್ಡದಾದ್ದರಿಂದ ಸಂಪರ್ಕ ದುರ್ಬಲವಾಗಿರುವ ಊರುಗಳಲ್ಲಿ ದಿನವೇ ಹಿಡಿದೀತು. ಕ್ರಮಸಂಖ್ಯೆ ಯಂತ್ರದ ತಳಭಾಗದ ಚೀಟಿಯಲ್ಲಿರುತ್ತದೆ, ಕೆಲವು ವರ್ಷಗಳಲ್ಲಿ ಅದು ಸವೆದು ಮಾಸುತ್ತದೆ. ಹೊಸದಿರುವಾಗಲೇ ದಾಸ್ತಾನು ವಹಿಯಲ್ಲಿ ಬರೆದುಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಮೂರನೆಯದು ಇಡೀ ಡಿಸ್ಕಿನ ಪ್ರತಿಬಿಂಬ ತೆಗೆಯುವುದು. ತೈವಾನಿನ ರಾಷ್ಟ್ರೀಯ ಗಣಕ ಕೇಂದ್ರವೊಂದರಲ್ಲಿ ರೂಪುಗೊಂಡ, ಉಚಿತವಾಗಿ ದೊರೆಯುವ ಕ್ಲೋನ್‌ಜಿಲ್ಲಾ ಎಂಬ ತಂತ್ರಾಂಶ ಈ ಕೆಲಸಕ್ಕೆ ಪ್ರಸಿದ್ಧ. ಅದನ್ನು ಪೆನ್ ಡ್ರೈವ್‌ನಿಂದ ಓಡಿಸಿ, ಡಿಸ್ಕಿನ ಎಲ್ಲ ವಿಭಾಗಗಳನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲಿಸಬಹುದು. ಮರಳಿ ಹಾಕುವ ಹೊಸ ಡಿಸ್ಕ್ ಹಳೆಯದರಷ್ಟು ಅಥವಾ ಅದಕ್ಕಿಂತ ದೊಡ್ಡದಿರಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ರಿಕವರಿ ವಿಭಾಗವೊಂದನ್ನೇ ನಕಲಿಸಿ ಹೊಸ ಡಿಸ್ಕಿಗೆ ಹಾಕಿದರೆ ಕಡತಗಳು ಬರುತ್ತವೆಯೇ ಹೊರತು, ಅದು ಎಲ್ಲಿದೆ ಎಂಬ ವಿಳಾಸ ವಿಂಡೋಸ್‌ಗೆ ತಿಳಿದಿರುವುದಿಲ್ಲ. ಕೀಲಿ ಒತ್ತಿದರೂ ರಿಕವರಿ ಪರದೆ ಬಾರದು. ಆಗ ರೀಏಜೆಂಟ್‌ಸಿ ಎಂಬ ಆದೇಶದ ಮೂಲಕ ವಿಳಾಸವನ್ನು ಹೊಸದಾಗಿ ತಿಳಿಸಬೇಕಾಗುತ್ತದೆ. ಈ ತೊಡಕು ಬೇಡವಾದಲ್ಲಿ ಇಡೀ ಡಿಸ್ಕನ್ನೇ ನಕಲಿಸುವುದು ಸೂಕ್ತ. ಇದು ಅಭ್ಯಾಸವಿರುವವರ ಕೆಲಸ. ಮೂಲ ಡಿಸ್ಕ್ ಯಾವುದು, ಗುರಿ ಡಿಸ್ಕ್ ಯಾವುದು ಎಂಬುದು ಅದಲುಬದಲಾದರೆ ಖಾಲಿ ಡಿಸ್ಕಿನ ಪ್ರತಿ ತುಂಬಿದ ಡಿಸ್ಕಿನ ಮೇಲೆ ಕುಳಿತುಕೊಳ್ಳುತ್ತದೆ.

ಸಾಮಾನ್ಯ ಪಂಚಾಯತಿಗೆ ಮೊದಲನೆಯ ದಾರಿಯೇ ಸಾಕು. ಹೊಸ ಯಂತ್ರ ಬಂದ ವಾರದಲ್ಲಿ, ಇನ್ನೂ ಯಾವ ಕಡತವೂ ಸೇರದಿರುವಾಗ ಇದನ್ನು ಮಾಡಿಬಿಡಬೇಕು. ವರ್ಷಕ್ಕೊಮ್ಮೆ ಪೆನ್ ಡ್ರೈವ್ ಅನ್ನು ಹೊಸದಾಗಿ ಸಿದ್ಧಪಡಿಸಿಕೊಳ್ಳಬೇಕೆಂದು ಮೈಕ್ರೋಸಾಫ್ಟ್ ಸಲಹೆ ನೀಡುತ್ತದೆ. ವಾರ್ಷಿಕ ದಾಸ್ತಾನು ಪರಿಶೀಲನೆಯ ದಿನಕ್ಕೆ ಇದನ್ನು ಹೊಂದಿಸಿಕೊಂಡರೆ ಮರೆಯುವ ಸಂಭವ ಕಡಿಮೆ.

ಸಿದ್ಧಪಡಿಸಿದ ಪ್ರತಿಯನ್ನು ಒಮ್ಮೆ ಪರೀಕ್ಷಿಸಬೇಕು. ಪೆನ್ ಡ್ರೈವ್ ಸಿಕ್ಕಿಸಿ ಯಂತ್ರವನ್ನು ಆರಂಭಿಸುವಾಗ ಡೆಲ್ ಮತ್ತು ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಯಾವುದರಿಂದ ಆರಂಭಿಸಬೇಕೆಂಬ ಪಟ್ಟಿ ಬರುತ್ತದೆ. ಪೆನ್ ಡ್ರೈವ್ ಆರಿಸಿ, ಭಾಷೆ ಕೇಳುವ ಪರದೆಯನ್ನು ದಾಟಿ, ನೀಲಿ ಪರದೆ ಕಂಡರೆ ಪರೀಕ್ಷೆ ಮುಗಿಯಿತು. ಅಲ್ಲಿಂದ ಮುಂದೆ ಯಾವುದನ್ನೂ ಒತ್ತದೆ ಯಂತ್ರವನ್ನು ಆರಿಸಬೇಕು.

48 ಅಂಕಿಗಳ ಕೀಲಿ

ಈ ವಿಷಯದಲ್ಲಿ ಪಂಚಾಯತಿಗಳು ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಇತ್ತೀಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿನ ಮಾಹಿತಿ ಬಿಟ್‌ಲಾಕರ್ ತಂತ್ರದಿಂದ ಗೂಢಲಿಪಿಯಾಗಿ ಬರೆಯಲ್ಪಟ್ಟಿರುತ್ತದೆ. ಯಂತ್ರ ಕಳವಾದರೆ ಕಳ್ಳನಿಗೆ ಕಡತಗಳು ಓದಲು ಬಾರದಿರಲಿ ಎಂಬುದು ಉದ್ದೇಶ. ಒಡೆಯನಿಗೇ ತೊಂದರೆಯಾದಾಗ ತೆರೆಯಲು 48 ಅಂಕಿಗಳ ರಿಕವರಿ ಕೀಲಿ ಇದೆ. ಮೊದಲ ದಿನ ಯಾವ ಮೈಕ್ರೋಸಾಫ್ಟ್ ಖಾತೆಯಿಂದ ಯಂತ್ರವನ್ನು ಸಿದ್ಧಪಡಿಸಲಾಯಿತೋ ಆ ಖಾತೆಯಲ್ಲಿ ಈ ಕೀಲಿ ಉಳಿಯುತ್ತದೆ.

ಆ ದಿನ ಕಚೇರಿಯಲ್ಲಿದ್ದ ಸಿಬ್ಬಂದಿ ತಮ್ಮ ಸ್ವಂತ ಮಿಂಚಂಚೆ ವಿಳಾಸವನ್ನು ಕೊಟ್ಟು ಕೆಲಸ ಮುಗಿಸಿರುತ್ತಾರೆ. ಅದರಲ್ಲಿ ದುರುದ್ದೇಶವೇನೂ ಇಲ್ಲ; ಪರದೆ ಕೇಳಿತು, ಅವರು ಕೊಟ್ಟರು. ಮೂರು ವರ್ಷಗಳ ಬಳಿಕ ಅವರು ಬೇರೆ ಪಂಚಾಯತಿಗೆ ವರ್ಗವಾಗಿರುತ್ತಾರೆ ಅಥವಾ ಕೆಲಸ ಬಿಟ್ಟಿರುತ್ತಾರೆ. ಆಗ ಯಂತ್ರವು ನೀಲಿ ಪರದೆಯಲ್ಲಿ ನಿಂತು 48 ಅಂಕಿಗಳನ್ನು ಕೇಳುತ್ತದೆ. ಕೀಲಿ ಇಲ್ಲದೆ ಡಿಸ್ಕಿನ ಕಡತಗಳನ್ನು ತೆಗೆಯಲು ಯಾವ ದುರಸ್ತಿ ಅಂಗಡಿಗೂ ಸಾಧ್ಯವಿಲ್ಲ. ಯಂತ್ರವನ್ನು ಅಳಿಸಿ ಹೊಸದಾಗಿ ಸ್ಥಾಪಿಸಬಹುದು. ಒಳಗಿದ್ದ ಕಾಗದಪತ್ರಗಳು ಮರಳಿ ಬರುವುದಿಲ್ಲ.

ಆದ್ದರಿಂದ ಲ್ಯಾಪ್‌ಟಾಪ್ ಅನ್ನು ಪಂಚಾಯತಿಯ ಹೆಸರಿನ ಖಾತೆಯಿಂದಲೇ ಸಿದ್ಧಪಡಿಸಬೇಕು. ಈಗಾಗಲೇ ಸ್ವಂತ ಖಾತೆಯಿಂದ ಆಗಿದ್ದಲ್ಲಿ, ಆ ಸಿಬ್ಬಂದಿ ಕಚೇರಿಯಲ್ಲಿರುವಾಗಲೇ ಕೀಲಿಯನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಬೇಕು. ಕಾರ್ಯಭಾರ ಹಸ್ತಾಂತರದ ಪಟ್ಟಿಯಲ್ಲಿ ಚೆಕ್ ಪುಸ್ತಕ, ಮೊಹರು, ಬೀಗದ ಕೈಗಳ ಜೊತೆಗೆ ಈ ಕೀಲಿಯೂ ಸೇರಬೇಕು.

ಮರುಸ್ಥಾಪನೆಯ ದಿನ

ರಿಕವರಿ ಎಂಬ ಪದವೇ ಕೆಲವರನ್ನು ದಾರಿ ತಪ್ಪಿಸುತ್ತದೆ. ಕಳೆದುಹೋದ ಕಡತಗಳು ಇದರಿಂದ ಸಿಗುತ್ತವೆಂಬ ಭಾವನೆ ಅದರಿಂದ ಮೂಡುತ್ತದೆ. ನಿಜವಾಗಿ ನಡೆಯುವುದು ಅದರ ವಿರುದ್ಧ. ಕಾರ್ಖಾನೆಯ ಸ್ಥಿತಿಗೆ ಮರಳಿಸುವುದೆಂದರೆ ಕಾರ್ಖಾನೆ ಬಿಟ್ಟ ದಿನದ ನಂತರ ಸೇರಿದ ಎಲ್ಲವನ್ನೂ ಅಳಿಸುವುದು. ಪಂಚತಂತ್ರ, ಇ-ಸ್ವತ್ತು, ಇ-ಗ್ರಾಮ್ ಸ್ವರಾಜ್‌ಗಳಲ್ಲಿ ದಾಖಲಾದ ಮಾಹಿತಿ ಸರ್ಕಾರದ ಸರ್ವರ್‌ಗಳಲ್ಲಿರುವುದರಿಂದ ಅದಕ್ಕೆ ಧಕ್ಕೆ ಇಲ್ಲ. ಅಪ್‌ಲೋಡ್ ಆಗದೆ ಡೆಸ್ಕ್‌ಟಾಪ್ ಮೇಲೆ ಉಳಿದ ನಡಾವಳಿಯ ಕರಡು, ನುಡಿಯಲ್ಲಿ ಬರೆದ ಪತ್ರಗಳು, ಸ್ಕ್ಯಾನ್ ಮಾಡಿದ ಅರ್ಜಿಗಳು, ಕಾಮಗಾರಿಯ ಮೊದಲಿನ ಮತ್ತು ನಂತರದ ಚಿತ್ರಗಳು, ಇವುಗಳದೇ ಚಿಂತೆ. ಇವುಗಳ ಪ್ರತಿ ಬೇರೆಯೇ ಹಾರ್ಡ್ ಡಿಸ್ಕಿನಲ್ಲಿ ಇರಬೇಕು. ರಿಕವರಿ ಪೆನ್ ಡ್ರೈವ್‌ನಲ್ಲಿ ಇವು ಇರುವುದಿಲ್ಲ.

ವಿಂಡೋಸ್ ತೆರೆದುಕೊಳ್ಳದಿದ್ದರೆ ಕಡತಗಳು ಹೋದವೆಂದು ತೀರ್ಮಾನಿಸಬೇಕಾಗಿಲ್ಲ. ಡಿಸ್ಕ್ ಸುಸ್ಥಿತಿಯಲ್ಲಿದ್ದು ಬಿಟ್‌ಲಾಕರ್ ಕೀಲಿ ಕೈಯಲ್ಲಿದ್ದರೆ, ಡಿಸ್ಕನ್ನು ಹೊರತೆಗೆದು ಇನ್ನೊಂದು ಗಣಕಕ್ಕೆ ಜೋಡಿಸಿ ಅವುಗಳನ್ನು ಪಡೆಯಬಹುದು. ಮರುಸ್ಥಾಪನೆಯ ಗುಂಡಿ ಒತ್ತುವುದು ಆಮೇಲಿನ ಮಾತು.

ಯಂತ್ರದೊಳಗಿನ ವಿಭಾಗ ಉಳಿದಿದ್ದರೆ ಆರಂಭದಲ್ಲಿ ಎಚ್‌ಪಿಯಲ್ಲಿ ಎಫ್11, ಏಸರ್‌ನಲ್ಲಿ ಆಲ್ಟ್ ಜೊತೆ ಎಫ್10, ಏಸಸ್‌ನಲ್ಲಿ ಎಫ್9 ಒತ್ತಿದರೆ ರಿಕವರಿ ಪರದೆ ಬರುತ್ತದೆ. ಲೆನೊವೊದ ಹಲವು ಮಾದರಿಗಳಲ್ಲಿ ಪಕ್ಕದಲ್ಲಿ ಸೂಜಿಯ ಮೊನೆಯಿಂದ ಒತ್ತುವ ನೋವೊ ಗುಂಡಿ ಇದೆ. ಪೆನ್ ಡ್ರೈವ್‌ನಿಂದ ಆರಂಭಿಸಿದರೆ ಡ್ರೈವ್‌ನಿಂದ ಮರಳಿ ಪಡೆಯುವ ಆಯ್ಕೆಯ ಕೆಳಗೆ ಎರಡು ಸಾಲು ಕಾಣುತ್ತವೆ: ಕಡತಗಳನ್ನು ತೆಗೆದುಹಾಕುವುದು ಮಾತ್ರ, ಅಥವಾ ಡಿಸ್ಕನ್ನು ಪೂರ್ಣವಾಗಿ ಶುಚಿಗೊಳಿಸುವುದು. ಮೊದಲನೆಯದರಲ್ಲಿರುವ 'ಮಾತ್ರ' ಎಂಬ ಪದವನ್ನು ನೋಡಿ ಅದು ನಿರುಪದ್ರವಿ ಎಂದುಕೊಳ್ಳಬಾರದು, ಎರಡೂ ಅಳಿಸುತ್ತವೆ. ಎರಡನೆಯದು ಹೆಚ್ಚು ಹೊತ್ತು ಹಿಡಿದು, ಮತ್ತೆ ಓದಲು ಕಷ್ಟವಾಗುವಂತೆ ಅಳಿಸುತ್ತದೆ. ಯಂತ್ರವನ್ನು ಹರಾಜು ಹಾಕುವಾಗ ಅಥವಾ ಬೇರೆ ಕಚೇರಿಗೆ ಕೊಡುವಾಗ ಬೇಕಾದದ್ದು ಅದು.

ಕೆಲಸ ಮುಗಿದಾಗ ವಿಂಡೋಸ್ ಸಕ್ರಿಯಗೊಳಿಸಲು ಯಾವ ಸಂಖ್ಯೆಯನ್ನೂ ಬರೆಯಬೇಕಾಗಿಲ್ಲ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಲ್ಯಾಪ್‌ಟಾಪ್ ಜೊತೆ ಮಾರಾಟವಾಗುವ ವಿಂಡೋಸ್‌ನ ಕೀಲಿ ಯಂತ್ರದ ಮದರ್‌ಬೋರ್ಡ್‌ನಲ್ಲಿಯೇ ದಾಖಲಾಗಿರುತ್ತದೆ. ಅದೇ ಆವೃತ್ತಿಯನ್ನು ಸ್ಥಾಪಿಸಿ ಅಂತರ್ಜಾಲಕ್ಕೆ ಜೋಡಿಸಿದರೆ ಸಾಕು. ಅದೇ ಆವೃತ್ತಿ ಎಂಬುದು ಮುಖ್ಯ. ಭಾರತದಲ್ಲಿ ಮಾರಾಟವಾಗುವ ಅನೇಕ ಲ್ಯಾಪ್‌ಟಾಪ್‌ಗಳ ಜೊತೆ ಬರುವುದು ಹೋಮ್ ಸಿಂಗಲ್ ಲ್ಯಾಂಗ್ವೇಜ್ ಎಂಬ ಆವೃತ್ತಿ. ಅಂಗಡಿಯಲ್ಲಿ ರೂಢಿಯಂತೆ ಪ್ರೊ ಆವೃತ್ತಿಯನ್ನು ಹಾಕಿದರೆ ಯಂತ್ರದ ಕೀಲಿ ಅದಕ್ಕೆ ಹೊಂದುವುದಿಲ್ಲ. ಪರದೆಯ ಬಲಗಡೆ ತಳದಲ್ಲಿ ವಿಂಡೋಸ್ ಸಕ್ರಿಯಗೊಳಿಸಿ ಎಂಬ ಮಸುಕಾದ ಬರಹ ಮೂಡುತ್ತದೆ. ಅದನ್ನು ಅಡಗಿಸಲು ಕ್ರ್ಯಾಕ್ ಎಂಬ ಕಳ್ಳ ತಂತ್ರಾಂಶವನ್ನು ಹಾಕಲಾಗುತ್ತದೆ. ಹಣ ಕೊಟ್ಟ ಅಸಲಿ ಪರವಾನಗಿ ಮದರ್‌ಬೋರ್ಡ್‌ನಲ್ಲಿ ಸುಮ್ಮನೆ ಕುಳಿತಿರುವಾಗ, ಪಾವತಿಗೆ ಡಿಜಿಟಲ್ ಸಹಿಯ ಟೋಕನ್ ಸಿಕ್ಕಿಸುವ ಅದೇ ಯಂತ್ರದಲ್ಲಿ ಯಾರು ಬರೆದರೆಂದು ಗೊತ್ತಿಲ್ಲದ ತಂತ್ರಾಂಶ ಓಡುತ್ತಿರುತ್ತದೆ. ದುರಸ್ತಿಯ ಬಿಲ್ಲು ಸಭೆಗೆ ಬಂದಾಗ ಯಾವ ಆವೃತ್ತಿಯನ್ನು ಹಾಕಲಾಯಿತು, ಅದು ಸಕ್ರಿಯವಾಗಿದೆಯೇ ಎಂದು ಸದಸ್ಯರು ಕೇಳಬಹುದು. ಸೆಟ್ಟಿಂಗ್ಸ್‌ನ ಆ್ಯಕ್ಟಿವೇಷನ್ ಪುಟದಲ್ಲಿ ಉತ್ತರ ಒಂದು ನಿಮಿಷದಲ್ಲಿ ಸಿಗುತ್ತದೆ.

ಮರುಸ್ಥಾಪನೆಯ ನಂತರ ನುಡಿ, ಸ್ಕ್ಯಾನರ್ ಮತ್ತು ಮುದ್ರಕದ ಡ್ರೈವರ್, ಸಹಿ ಟೋಕನ್‌ನ ತಂತ್ರಾಂಶ ಇವನ್ನೆಲ್ಲ ಮತ್ತೆ ಹಾಕಬೇಕು. ಕಾರ್ಖಾನೆಯ ಪ್ರತಿ 2019ರದಾದರೆ ಮರಳಿ ಬರುವ ವಿಂಡೋಸ್ ಕೂಡ 2019ರದೇ. ಆ ಬಳಿಕದ ಭದ್ರತಾ ಪರಿಷ್ಕರಣೆಗಳು ಅದರಲ್ಲಿರುವುದಿಲ್ಲ. ಅವೆಲ್ಲ ಇಳಿಯುವವರೆಗೆ ಟೋಕನ್ ಸಿಕ್ಕಿಸಬಾರದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ಹಳೆಯ ಯಂತ್ರವನ್ನು ಕಾರ್ಖಾನೆಯ ಸ್ಥಿತಿಗೆ ತಂದ ಮೇಲೆ ಅದು ವಿಂಡೋಸ್ 11ಕ್ಕೆ ಏರಬಲ್ಲದೇ ಎಂದು ಪರಿಶೀಲಿಸಬೇಕು. ಟಿಪಿಎಂ 2.0 ಚಿಪ್ ಮತ್ತು ಅಂಗೀಕೃತ ಪ್ರೊಸೆಸರ್ ಇಲ್ಲದಿದ್ದರೆ ಏರಲಾರದು. ಅಂಥ ಯಂತ್ರವನ್ನು ಪಾವತಿಯ ಕೆಲಸದಿಂದ ಬಿಡಿಸಿ ಬೆರಳಚ್ಚಿಗೆ ಮಾತ್ರ ಇಟ್ಟುಕೊಳ್ಳುವುದೋ, ಹೊಸದನ್ನು ಕೊಳ್ಳುವುದೋ ಎಂಬುದು ಸಭೆಯ ತೀರ್ಮಾನಕ್ಕೆ ಬರಬೇಕಾದ ವಿಷಯ.

ವಹಿಯಲ್ಲಿ ನಮೂದು

ದಾಸ್ತಾನು ವಹಿಯಲ್ಲಿ ಲ್ಯಾಪ್‌ಟಾಪ್ ಒಂದು ಎಂದಷ್ಟೇ ಬರೆಯುವುದು ರೂಢಿ. ಅದೇ ಸಾಲಿನ ಮುಂದೆ ಯಂತ್ರದ ಕ್ರಮಸಂಖ್ಯೆ, ವಿಂಡೋಸ್‌ನ ಆವೃತ್ತಿ, ರಿಕವರಿ ಪೆನ್ ಡ್ರೈವ್ ಸಿದ್ಧಪಡಿಸಿದ ದಿನಾಂಕ, ಅದು ಇರುವ ಜಾಗ ಇವನ್ನೂ ಬರೆಯಬೇಕು. ಪೆನ್ ಡ್ರೈವ್‌ಗೆ ಯಂತ್ರದ ಕ್ರಮಸಂಖ್ಯೆಯ ಚೀಟಿ ಅಂಟಿಸಿ ಕಚೇರಿಯ ಬೀರುವಿನಲ್ಲಿ ಇಡಬೇಕು. ಲ್ಯಾಪ್‌ಟಾಪ್‌ನ ಚೀಲದಲ್ಲಿ ಇಟ್ಟರೆ ಎರಡೂ ಒಟ್ಟಿಗೇ ಕಳೆದುಹೋಗುತ್ತವೆ. ಬಿಟ್‌ಲಾಕರ್ ಕೀಲಿಯ ಮುದ್ರಿತ ಪ್ರತಿಯನ್ನು ಮೊಹರು ಮಾಡಿದ ಲಕೋಟೆಯಲ್ಲಿ ಪಂಚಾಯತ್ ಅಭಿವೃದ್ಧಿ ಅಧಿಕಾರಿಯವರ ವಶದಲ್ಲಿ ಇಡುವುದು ಯುಕ್ತ. ಕೀಲಿಯ ಅಂಕಿಗಳನ್ನು ವಹಿಯಲ್ಲಿ ಬರೆಯಬಾರದು.

ದುರಸ್ತಿಗೆ ಕಳುಹಿಸುವ ಪತ್ರದಲ್ಲಿ ರಿಕವರಿ ವಿಭಾಗವನ್ನು ಅಳಿಸತಕ್ಕದ್ದಲ್ಲ ಎಂದೂ, ಡಿಸ್ಕ್ ಬದಲಿಸಿದಲ್ಲಿ ಹಳೆಯ ಡಿಸ್ಕನ್ನು ಕಚೇರಿಗೆ ಹಿಂದಿರುಗಿಸತಕ್ಕದ್ದು ಎಂದೂ ನಮೂದಿಸಬೇಕು. ಹಳೆಯ ಡಿಸ್ಕಿನಲ್ಲಿ ಫಲಾನುಭವಿಗಳ ಆಧಾರ್ ಪ್ರತಿಗಳು, ಉದ್ಯೋಗ ಚೀಟಿದಾರರ ಬ್ಯಾಂಕ್ ಖಾತೆಗಳ ವಿವರ, ಮನೆಗಳ ತೆರಿಗೆ ಪಟ್ಟಿ ಇನ್ನೂ ಇರುತ್ತವೆ. ಕೆಟ್ಟ ಡಿಸ್ಕಿನಿಂದಲೂ ಕೆಲವೊಮ್ಮೆ ಮಾಹಿತಿಯನ್ನು ಓದಬಹುದು. ಹಿಂದಿರುಗಿದ ಡಿಸ್ಕನ್ನು ವಹಿಯಲ್ಲಿ ಬೇರೆ ಸಾಲಿನಲ್ಲಿ ತೋರಿಸಿ, ವಿಲೇವಾರಿಯ ಠರಾವು ಆಗುವವರೆಗೆ ಬೀರುವಿನಲ್ಲಿಯೇ ಇಡಬೇಕು.